ನೀರು, ಹುಲ್ಲು, ಬೆಂಕಿ: ಮೂರರಲ್ಲೂ ಎಲ್ಲರ ಪಾಲು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆಯೂ ಶಾಂತಿಯೂ ಇರಲಿ.



ನಮ್ಮ ಮಸೀದಿಯ ಛಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ ಮುಗಿಯುತ್ತ ಬಂದಿದೆ. ಇನ್ನು ಮುಂದೆ ವುಝೂವಿನ ನೀರೆತ್ತುವ ಮೋಟರು, ಫ್ಯಾನುಗಳು, ದೀಪಗಳು ಸೂರ್ಯನ ಬೆಳಕಿನಿಂದಲೇ ನಡೆಯಲಿವೆ. ಇದು ಸಂತೋಷದ ವಿಷಯ. ಸೂರ್ಯನನ್ನು ಪ್ರಜ್ವಲಿಸುವ ದೀಪವಾಗಿ ಸೃಷ್ಟಿಸಿದವನು ಅಲ್ಲಾಹನೆಂದು ಪವಿತ್ರ ಕುರ್‌ಆನ್ ನಮಗೆ ನೆನಪಿಸುತ್ತದೆ. ಆ ದೀಪಕ್ಕೆ ಹೊಗೆಯಿಲ್ಲ, ಎಣ್ಣೆಯ ಖರ್ಚಿಲ್ಲ. ಆದರೆ ಅದರ ಬೆಳಕನ್ನು ಹಿಡಿಯಲು ಜಾಗ ಬೇಕು. ನಮ್ಮ ಮಸೀದಿಗೆ ಛಾವಣಿ ಸಾಕಾಯಿತು. ಇಡೀ ದೇಶಕ್ಕೆ ಬೇಕೆಂದಾಗ ಜಾಗ ಯಾರದು? ಇಂದು ನಾವು ಈ ಪ್ರಶ್ನೆಯ ಬಗ್ಗೆ ಒಟ್ಟಾಗಿ ಯೋಚಿಸೋಣ.

ನೀರು, ಹುಲ್ಲು ಮತ್ತು ಬೆಂಕಿ, ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಬೆಂಕಿಯೆಂದರೆ ಇಂಧನ, ವಿದ್ಯುತ್. ಹುಲ್ಲೆಂದರೆ ಗೋಮಾಳ, ಕಾವಲು, ಮೇವಿನ ನೆಲ. ಮೂರೂ ಒಂದೇ ಬೋಧನೆಯಲ್ಲಿ ಬಂದಿವೆ ಎಂಬುದನ್ನು ಗಮನಿಸಬೇಕು. ಒಂದರ ಪಾಲು ಕೊಡುತ್ತೇವೆಂದು ಇನ್ನೊಂದರ ಪಾಲನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಅತ್ಯಂತ ಕಠಿಣವಾಗಿ ಎದುರಾಗಿರುವುದು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ. ಅಲ್ಲಿನ ಭಡ್ಲಾ ಸೋಲಾರ್ ಪಾರ್ಕ್ ಸುಮಾರು 14,000 ಎಕರೆಯಲ್ಲಿ ಹರಡಿದೆ. ಅದರ ಸಾಮರ್ಥ್ಯ 2,245 ಮೆಗಾವಾಟ್. ಅಂತಹ ಯೋಜನೆಗಳು ಜೈಸಲ್ಮೇರ್, ಬಿಕಾನೇರ್ ಕಡೆಗೂ ಹಬ್ಬಿವೆ. ದೂರದಿಂದ ನೋಡುವವರಿಗೆ ಅದು ಬರೀ ಮರಳು, ಖಾಲಿ ನೆಲ. ಆದರೆ ಅಲ್ಲಿ ಓರಣ್ ಎಂಬ ಜಾಗಗಳಿವೆ. ದೇವರ ಹೆಸರಿನಲ್ಲಿ ಬಿಟ್ಟ ಆ ನೆಲದಲ್ಲಿ ಮರ ಕಡಿಯಬಾರದು, ಉಳಬಾರದು. ದನ, ಕುರಿ, ಒಂಟೆ ಮೇಯಬಹುದು ಎಂಬುದು ತಲೆತಲಾಂತರದ ಕಟ್ಟುಪಾಡು. ಹಿಂದೂ ಪಶುಪಾಲಕರ ಜೊತೆಗೆ ಸಿಂಧಿ ಮುಸ್ಲಿಮ್ ಪಶುಪಾಲಕರ ಬದುಕೂ ಇಂತಹ ಮೇವಿನ ನೆಲವನ್ನೇ ನಂಬಿದೆ. ನಾವು ಬನ್ನಿ ಎನ್ನುವ ಮರವೇ ಅಲ್ಲಿನ ಖೇಜ್ರಿ. ಆ ಮರಗಳನ್ನು ಉಳಿಸಲು 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಈಗ ಸೋಲಾರ್ ಘಟಕಗಳಿಗಾಗಿ ಅದೇ ಮರಗಳನ್ನು ಕಡಿಯುತ್ತಿರುವುದರ ವಿರುದ್ಧ ಅಲ್ಲಿನ ಜನ ಮತ್ತೆ ಧರಣಿ ಕುಳಿತಿದ್ದಾರೆ.

ಅದೇ ನೆಲದಲ್ಲಿ ಗೋಡಾವಣ ಎಂಬ ಹಕ್ಕಿ ಇದೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮ ಕಡೆ ಅದನ್ನು ಎರೆಭೂತ ಎನ್ನುತ್ತಿದ್ದರು. ಹಿಂದೆ ರಾಣೆಬೆನ್ನೂರಿನ ಬಯಲಿನಲ್ಲೂ ಅದು ಕಾಣುತ್ತಿತ್ತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ದೇಶದಲ್ಲಿ ಈಗ ಇನ್ನೂರು ಕೂಡ ಇಲ್ಲ. ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಭಾರವಾದ ಹಕ್ಕಿ ಅದು. ಅದರ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ನೇರ ಮುಂದೆ ಇರುವುದು ಸರಿಯಾಗಿ ಕಾಣುವುದಿಲ್ಲ. ತಂತಿ ಹತ್ತಿರ ಬಂದ ಮೇಲೆ ಕಂಡರೂ ತಿರುಗಲಾರದಷ್ಟು ಮೈಭಾರ. ಥಾರ್‌ನ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶವೊಂದರಲ್ಲೇ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ವಿದ್ಯುತ್ ತಂತಿಗಳಿಂದ ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. ಭೂಮಿಯ ಪ್ರಾಣಿಗಳೂ ರೆಕ್ಕೆ ಬೀಸಿ ಹಾರುವ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳು ಎಂದು ಸೂರಃ ಅಲ್ ಅನ್‌ಆಮ್ ಕಲಿಸುತ್ತದೆ. ಒಂದು ಇಡೀ ಸಮುದಾಯವೇ ನಮ್ಮ ಕಣ್ಣೆದುರು ಅಳಿಯುತ್ತಿರುವಾಗ ನಾವು ಅದನ್ನು ಬರೀ ಹಕ್ಕಿಯ ಸುದ್ದಿ ಎಂದು ಪುಟ ತಿರುಗಿಸಬಹುದೇ?

ಹಾಗೆಂದು ಸೋಲಾರ್ ಬೇಡ ಎನ್ನಲೂ ಸಾಧ್ಯವಿಲ್ಲ. ಕಲ್ಲಿದ್ದಲ ಹೊಗೆ ಮತ್ತು ಬೂದಿಯ ಕೆಳಗೆ ಬದುಕುವವರೂ ಬಡವರೇ. ಏರುತ್ತಿರುವ ಬಿಸಿಲಿಗೆ ಮೊದಲು ಕುಸಿಯುವವನು ಬಯಲಲ್ಲಿ ದುಡಿಯುವ ಕೂಲಿ. ಈ ಎರಡೂ ಮಾತು ಸುಪ್ರೀಂ ಕೋರ್ಟಿನ ಮುಂದೆ ಬಂದವು. 2021ರ ಏಪ್ರಿಲ್‌ನಲ್ಲಿ ಅದು ಈ ಹಕ್ಕಿಯ ನೆಲೆಗಳಲ್ಲಿ ಸಾಧ್ಯವಿರುವ ಕಡೆಯೆಲ್ಲ ತಂತಿಗಳನ್ನು ನೆಲದಡಿ ಹಾಕಬೇಕೆಂದು ಆದೇಶಿಸಿತು. ಎಲ್ಲ ಕಡೆ ಅದು ಆಗದ ಕೆಲಸ ಎಂದು ಸರ್ಕಾರ ಹೇಳಿದ ಮೇಲೆ, 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಮಾರ್ಪಡಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಪಡೆಯುವುದು ನಾಗರಿಕರ ಹಕ್ಕು ಎಂದೂ ಅದೇ ತೀರ್ಪು ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಇನ್ನೊಂದು ಪ್ರಕರಣದಲ್ಲಿ, ಓರಣ್‌ಗಳನ್ನು ಸಮೀಕ್ಷೆ ಮಾಡಿ ಗುರುತಿಸುವಂತೆ ರಾಜಸ್ಥಾನ ಸರ್ಕಾರಕ್ಕೆ ಸೂಚಿಸಿತು. ಎರಡೂ ತಟ್ಟೆಗಳಲ್ಲಿ ತೂಕವಿದೆ. ಅಲ್ಲಾಹನು ಆಕಾಶವನ್ನು ಎತ್ತರಿಸಿ ಮೀಝಾನನ್ನು ಸ್ಥಾಪಿಸಿದ್ದಾನೆ, ತೂಕದಲ್ಲಿ ಮೋಸ ಮಾಡಬಾರದು ಎಂದು ಸೂರಃ ಅರ್ರಹ್ಮಾನ್ ಎಚ್ಚರಿಸುವುದು ಇಂತಹ ಸಂದರ್ಭಕ್ಕೇ.

ಹಾಗಾದರೆ ತೂಗುವುದು ಹೇಗೆ? ನಮ್ಮ ಚರಿತ್ರೆಯಲ್ಲಿ ಇದಕ್ಕೆ ದಾರಿಯಿದೆ. ಅಜ್ಞಾನ ಕಾಲದ ಅರಬ್ ಮುಖಂಡರು ಒಳ್ಳೆಯ ಹುಲ್ಲುಗಾವಲನ್ನು ತಮಗಾಗಿ ಹಿಮಾ ಎಂದು ಕಾಯ್ದಿರಿಸಿ ಬಡವರನ್ನು ಹೊರಗಿಡುತ್ತಿದ್ದರು. ಪ್ರವಾದಿ(ಸ) ಆ ಖಾಸಗಿ ಹಕ್ಕನ್ನು ರದ್ದುಪಡಿಸಿ, ಸಾರ್ವಜನಿಕ ಹಿತಕ್ಕೆ ಮಾತ್ರ ಹಿಮಾ ಉಳಿಸಿದರು. ಖಲೀಫಾ ಉಮರ್(ರ) ತಮ್ಮ ಕಾಲದ ಹಿಮಾಕ್ಕೆ ಹುನೈ ಎಂಬವರನ್ನು ನೇಮಿಸಿದಾಗ ಕೊಟ್ಟ ಆದೇಶ ಬುಖಾರಿಯಲ್ಲಿದೆ. ಮರ್ದಿತನ ಪ್ರಾರ್ಥನೆಗೆ ಹೆದರು ಎಂದರು. ನಾಲ್ಕು ಒಂಟೆ, ನಾಲ್ಕು ಕುರಿ ಇರುವವನನ್ನು ಒಳಗೆ ಬಿಡು. ಶ್ರೀಮಂತರಾದ ಇಬ್ನು ಔಫ್, ಇಬ್ನು ಅಫ್ಫಾನ್‌ರ ಹಿಂಡುಗಳನ್ನು ಬಿಡಬೇಡ ಎಂದರು. ಅವರ ಜಾನುವಾರು ಸತ್ತರೆ ಅವರಿಗೆ ತೋಟಗಳಿವೆ. ಬಡವನ ಜಾನುವಾರು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬರುತ್ತಾನೆ, ಆಗ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಈಗ ನೀರು ಹುಲ್ಲು ಕೊಡುವುದೇ ನನಗೆ ಸುಲಭ ಎಂಬುದು ಅವರ ವಿವರಣೆ.

ನಮ್ಮ ಫುಕಹಾಗಳು ಇನ್ನೊಂದು ಮಾತೂ ಹೇಳಿದ್ದಾರೆ. ಪಾಳು ಭೂಮಿಯನ್ನು ಹಸನು ಮಾಡಿದವನಿಗೆ ಅದರ ಹಕ್ಕು ಉಂಟು. ಆದರೆ ಊರಿನವರು ದನ ಮೇಯಿಸುವ, ಸೌದೆ ತರುವ ನೆಲ ಪಾಳು ಭೂಮಿಯ ಲೆಕ್ಕಕ್ಕೆ ಬರುವುದಿಲ್ಲ. ಕಂದಾಯದ ದಾಖಲೆಯಲ್ಲಿ ಬಂಜರು ಎಂದು ಬರೆದ ಮಾತ್ರಕ್ಕೆ ಅಲ್ಲಿ ಮೇಯುವ ಒಂಟೆಯೂ ಗೂಡಿಡುವ ಹಕ್ಕಿಯೂ ಇಲ್ಲವಾಗುವುದಿಲ್ಲ. ಯಾವ ಯೋಜನೆಯಾದರೂ ಮೊದಲು ಕೇಳಬೇಕಾದದ್ದು ಇದನ್ನೇ: ಈ ನೆಲವನ್ನು ಈಗ ಯಾರು ಬಳಸುತ್ತಿದ್ದಾರೆ? ಹಕ್ಕಿಯ ನೆಲೆಯನ್ನೂ ಓರಣನ್ನೂ ಬಿಟ್ಟು ಜಾಗ ಹುಡುಕುವುದು, ಬಿಡಲಾಗದ ಕಡೆ ತಂತಿಯನ್ನು ನೆಲದಡಿ ಹಾಕುವುದು, ಹಕ್ಕಿಗಳಿಗೆ ಕಾಣುವಂತೆ ತಂತಿಗೆ ಬಿಲ್ಲೆ ಕಟ್ಟುವುದು, ಧೂಳು ತೊಳೆಯಲು ಮರುಭೂಮಿಯ ನೀರು ಸುರಿಯದೆ ಒಣ ವಿಧಾನ ಬಳಸುವುದು, ಇವೆಲ್ಲ ಆಗುವ ಕೆಲಸಗಳೇ. ಖರ್ಚು ಹೆಚ್ಚಬಹುದು. ಆ ಖರ್ಚನ್ನು ನಾವು ಕೊಡದಿದ್ದರೆ ಕುರಿಗಾಹಿ ಕೊಡುತ್ತಾನೆ, ಹಕ್ಕಿ ಕೊಡುತ್ತದೆ.

ಸಹೋದರರೇ, ಇದು ದೂರದ ರಾಜಸ್ಥಾನದ ಮಾತಷ್ಟೇ ಅಲ್ಲ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಪಾರ್ಕ್ ಇದೆ. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಬರದ ಸೀಮೆಯ ರೈತನಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ಇದು ಒಳ್ಳೆಯದು. ಆದರೆ ಜಮೀನಿಲ್ಲದ ಕೂಲಿಯವನಿಗೆ, ಕಟಾವಿನ ನಂತರ ಅದೇ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಯಾವ ಗುತ್ತಿಗೆ ಪತ್ರವಿದೆ? ನಾಳೆ ನಮ್ಮಲ್ಲಿ ಯಾರ ಜಮೀನನ್ನಾದರೂ ಕೇಳಿಕೊಂಡು ಬಂದರೆ ಸಹಿ ಹಾಕುವ ಮುನ್ನ ಆ ನೆರೆಯವನನ್ನೂ ನೆನೆಯೋಣ. ಊರಿನ ಗೋಮಾಳದ ಮಾತು ಬಂದರೆ ಗ್ರಾಮಸಭೆಯಲ್ಲಿ ಕುರಿಗಾಹಿಯ ಪರವಾಗಿ, ಅವನು ಯಾವ ಜಾತಿ ಧರ್ಮದವನೇ ಆಗಿರಲಿ, ಎದ್ದು ನಿಲ್ಲೋಣ. ಶಾದಿಮಹಲು, ಮದ್ರಸ, ಮನೆಗಳ ಛಾವಣಿಗಳನ್ನು ಮೊದಲು ಬಳಸೋಣ. ಅಲ್ಲಿ ಯಾರ ಮೇವೂ ಹೋಗುವುದಿಲ್ಲ. ಬಿಸಿಲು ಪುಕ್ಕಟೆ ಎಂದು ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿಸುವುದೂ ದುಂದುಗಾರಿಕೆಯೇ. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರು ದುಂದು ಮಾಡಬಾರದೆಂದು ಕಲಿತ ಸಮುದಾಯ ನಾವು.

ಅಲ್ಲಾಹನೇ, ನೀನು ಕೊಟ್ಟ ಬೆಳಕನ್ನು ನ್ಯಾಯವಾಗಿ ಹಂಚಿಕೊಳ್ಳುವ ಬುದ್ಧಿಯನ್ನು ನಮಗೆ ದಯಪಾಲಿಸು. ಈ ಭೂಮಿಯ ಅಮಾನತ್ತಿನಲ್ಲಿ ನಾವು ವಂಚಕರಾಗದಂತೆ ಕಾಪಾಡು. ನಮ್ಮ ಸುಖಕ್ಕಾಗಿ ಮಾತು ಬಾರದ ಜೀವಿಗಳೂ ಮಾತು ನಡೆಯದ ಬಡವರೂ ನಿನ್ನ ಮುಂದೆ ನಮ್ಮ ವಿರುದ್ಧ ದೂರು ಹೇಳುವ ಸ್ಥಿತಿ ತರಬೇಡ. ಆಮೀನ್.