ಮಟಿಲ್ಡಾಗೆ ಬಣ್ಣ ಹಚ್ಚಿದ್ದು

ನಿಮ್ಮ ಹವ್ಯಾಸದ ಬಗ್ಗೆ ನಾಲ್ಕು ಮಾತಾಡಿ ಎಂದರು ನಮ್ಮ ಕಾರ್ಯದರ್ಶಿಗಳು. ನನ್ನ ಶ್ರೀಮತಿ ಇದನ್ನು ಹವ್ಯಾಸ ಎನ್ನುವುದಿಲ್ಲ, ಊಟದ ಮೇಜಿನ ಅತಿಕ್ರಮಣ ಎನ್ನುತ್ತಾಳೆ.

ಈ ಚಳಿಗಾಲ ನಾನು ಜೋಡಿಸಿದ್ದು ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕು ಮಟಿಲ್ಡಾ. ನಿಜವಾದದ್ದರ ತೂಕ ಸುಮಾರು 26 ಟನ್. ಮುಂಭಾಗದ ಉಕ್ಕಿನ ಕವಚ 78 ಮಿಲಿಮೀಟರ್ ದಪ್ಪ. ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಯ ನನ್ನ ಟ್ಯಾಂಕು ಗೇಣುದ್ದವೂ ಇಲ್ಲ.

ಅಂಟಿಸುವುದು ಸುಲಭ, ಪೇಚಾಟವೆಲ್ಲ ಬಣ್ಣದ್ದೇ. 1940-41ರಲ್ಲಿ ಮರುಭೂಮಿಯ ಟ್ಯಾಂಕುಗಳಿಗೆ ಮೂರು ಬಣ್ಣದ ಓರೆ ಪಟ್ಟೆ ಬಳಿಯುತ್ತಿದ್ದರು. ಅದರಲ್ಲೊಂದು ತಿಳಿನೀಲಿ ಎಂದು ನಮ್ಮಂಥವರು ಬಹಳ ವರ್ಷ ನಂಬಿದ್ದೆವು. ಹಸಿರು ಛಾಯೆಯ ಬೂದು ಎಂಬುದು ಆಮೇಲಿನ ಸಂಶೋಧನೆ. ನಾನು ನೀಲಿ ಹಚ್ಚಿ ಮುಗಿಸಿದ ಮೇಲೆ ಇದನ್ನು ಓದಿದೆ! ಎಲ್ಲ ತೆಗೆದು, ತೆಳ್ಳಗೆ ಎರಡು ಸಲ ಬೂದು ಬಳಿದೆ. ಒಣಗಿದ ಮೇಲೆ ಬೋಲ್ಟುಗಳ ಸುತ್ತ ನೀರಾದ ಕಂದು ಬಣ್ಣ ಇಳಿಬಿಟ್ಟರೆ ಥೇಟ್ ಮರಳುಗಾಡಿನ ಕೊಳೆ.

ಪೆಟ್ಟಿಗೆಯಲ್ಲಿದ್ದ ಬೊಂಬೆ ಒಂದೇ, ಬ್ರಿಟಿಷ್ ಕಮಾಂಡರನದು. ಮಗಳು ಕೇಳಿದಳು: "ಅಪ್ಪಾ, ಅಲ್ಲಿ ನಮ್ಮವರು ಯಾರೂ ಇರ್ಲಿಲ್ವಾ?"

ಇದ್ದರು. 1940ರ ಡಿಸೆಂಬರ್ 9ರ ಬೆಳಿಗ್ಗೆ ಈಜಿಪ್ಟಿನ ನಿಬೇವಾದಲ್ಲಿದ್ದ ಇಟಲಿಯವರ ಶಿಬಿರಕ್ಕೆ ಮಟಿಲ್ಡಾಗಳು ನುಗ್ಗಿದಾಗ, ಅವುಗಳ ಹಿಂದೆ ಹೋದದ್ದು 4ನೇ ಭಾರತೀಯ ಡಿವಿಷನ್ನಿನ ಕಾಲಾಳುಗಳು. ಅವರಲ್ಲಿ ರಾಜಪುತಾನಾ ರೈಫಲ್ಸ್‌ನವರೂ ಇದ್ದರು. ಹುಡುಗಿಗೆ ಇದನ್ನು ಹೇಳುವಾಗ, ಅವಳು ಕೇಳುವವರೆಗೆ ನನಗೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಈಗ ಪುಟ್ಟಿಯಲ್ಲಿ ಇಬ್ಬರು ಜವಾನರನ್ನು ತಿದ್ದುತ್ತಿದ್ದೇನೆ. ಒಬ್ಬನ ಬಂದೂಕು ಸೊಟ್ಟಗಿದೆ. ಊಟದ ಮೇಜು ಇನ್ನೂ ತೆರವಾಗಿಲ್ಲ.