ಜಪಾನು ದೇಶದ ಒಂದು ವರ್ಷ: 1868

ಚರಿತ್ರೆಯನ್ನು ಪಾಠ ಹೇಳುವವರಿಗೆ ಇಸವಿಗಳ ಮೇಲೆ ಅತಿಯಾದ ಮೋಹವೆಂಬ ಅಪಖ್ಯಾತಿ ಬಹುಕಾಲದಿಂದಲೂ ಉಂಟು. ಆ ಅಪಖ್ಯಾತಿ ಇನ್ನಷ್ಟು ಬೆಳೆದರೂ ಚಿಂತೆಯಿಲ್ಲವೆಂದು ಈ ಹೊತ್ತು ಒಂದೇ ಒಂದು ಇಸವಿಯನ್ನು ಹಿಡಿದು ಶ್ರೋತೃಗಳ ಮುಂದೆ ಬಂದಿದ್ದೇವೆ. ಪರೀಕ್ಷೆಯ ಉತ್ತರಪತ್ರಗಳಲ್ಲಿ ಈ ಇಸವಿಯ ವಿಷಯವಾಗಿ ಒಂದು ವಾಕ್ಯ ವರ್ಷ ವರ್ಷವೂ ನಮ್ಮ ಕಣ್ಣಿಗೆ ಬೀಳುತ್ತದೆ: 1868ರಲ್ಲಿ ಜಪಾನಿನಲ್ಲಿ ರಕ್ತಪಾತವಿಲ್ಲದೆ ಚಕ್ರವರ್ತಿಯ ಅಧಿಕಾರವು ಪುನಃ ಸ್ಥಾಪಿತವಾಯಿತು, ಎಂದು. ಅದಕ್ಕೆ ಅಂಕಗಳನ್ನೂ ಕೊಟ್ಟಿದ್ದೇವೆ. ಆದರೆ ಆ ವಾಕ್ಯದಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಹೇಳದೆ ಬಿಟ್ಟರೆ ಸತ್ತವರಿಗೆ ಅನ್ಯಾಯ. ಬದುಕಿ ಉಳಿದವರ ವಿವೇಕಕ್ಕೂ ಅನ್ಯಾಯ.

ಆ ದೇಶದ ವ್ಯವಸ್ಥೆಯನ್ನು ತಿಳಿದುಕೊಳ್ಳುವುದು ನಮ್ಮವರಿಗೆ ಕಷ್ಟವಲ್ಲ. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ದೊರೆಗಳು ಸಿಂಹಾಸನದ ಮೇಲಿದ್ದರೂ ರಾಜ್ಯದ ಕೀಲಿಕೈ ದಳವಾಯಿಗಳ ಸೊಂಟದಲ್ಲಿದ್ದ ಕಾಲವೊಂದಿತ್ತಷ್ಟೆ. ಜಪಾನಿನಲ್ಲಿಯೂ ಹಾಗೆಯೇ. ಚಕ್ರವರ್ತಿಯು ಕ್ಯೋಟೋ ನಗರದ ಅರಮನೆಯಲ್ಲಿ ಪೂಜ್ಯನಾಗಿದ್ದನು. ಆಳುತ್ತಿದ್ದವನು ಎಡೋ ನಗರದಲ್ಲಿದ್ದ ಷೋಗುನ್ ಎಂಬ ಮಹಾದಂಡನಾಯಕ. 1603ರಿಂದ ಈ ಪದವಿಯು ತೊಕುಗಾವ ಮನೆತನದಲ್ಲಿಯೇ ನಿಂತಿದ್ದಿತು. 1853ರಲ್ಲಿ ಅಮೆರಿಕದ ಪೆರಿ ಎಂಬ ನೌಕಾಧಿಪತಿಯು ನಾಲ್ಕು ಯುದ್ಧನೌಕೆಗಳೊಡನೆ ಬಂದು ಬಾಗಿಲು ತಟ್ಟಿದ ಮೇಲೆ ಈ ಮನೆತನದ ಬಲಹೀನತೆ ಬೀದಿಗೆ ಬಂದಿತು. ಒಂದಾದ ಮೇಲೊಂದು ಕೌಲುಗಳಾದುವು. ಪರದೇಶದವರು ಅಪರಾಧ ಮಾಡಿದರೆ ವಿಚಾರಿಸುವ ಅಧಿಕಾರವೂ ಪರದೇಶದವರಿಗೇ ಹೋಯಿತು. ನೈಋತ್ಯದ ಸತ್ಸುಮ, ಚೋಷು ಎಂಬ ಎರಡು ಪ್ರಬಲ ಪಾಳೆಯಪಟ್ಟುಗಳು ಇದೇ ಸಮಯವೆಂದು ಚಕ್ರವರ್ತಿಯ ಹೆಸರನ್ನು ಮುಂದಿಟ್ಟುಕೊಂಡು ಎದ್ದುವು. 1867ರ ನವೆಂಬರಿನಲ್ಲಿ ಹದಿನೈದನೆಯ ಷೋಗುನ್ ಯೊಷಿನೊಬು ತಾನಾಗಿಯೇ ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದನು. ಅಧಿಕಾರ ಬಿಟ್ಟರೂ ಆಸ್ತಿ ಉಳಿಯುವುದು, ಮುಂದಿನ ಸಭೆಯಲ್ಲಿ ಮೊದಲ ಪೀಠ ತನಗೇ ದೊರೆಯುವುದು ಎಂಬುದು ಅವನ ಎಣಿಕೆ.

ಎದುರಾಳಿಗಳು ಆ ಎಣಿಕೆಯನ್ನು ನಡೆಯಗೊಡಲಿಲ್ಲ. 1868ರ ಜನವರಿ 3ರಂದು ಅವರ ಪಡೆಗಳು ಕ್ಯೋಟೋ ಅರಮನೆಯ ಬಾಗಿಲುಗಳನ್ನು ಹಿಡಿದುವು. ಇನ್ನೂ ಹದಿನೈದೇ ವರ್ಷ ವಯಸ್ಸಾಗಿದ್ದ ಚಕ್ರವರ್ತಿ ಮುತ್ಸುಹಿತೋವಿನ ಹೆಸರಿನಲ್ಲಿ ಪುನಃಸ್ಥಾಪನೆಯ ಘೋಷಣೆ ಹೊರಟಿತು. ಬಾಲಕನ ಹೆಸರು, ದೊಡ್ಡವರ ಕೈ. ಆ ತಿಂಗಳ ಕೊನೆಯಲ್ಲಿ ಕ್ಯೋಟೋವಿನ ದಕ್ಷಿಣದ ಟೋಬ, ಫುಷಿಮಿ ಎಂಬಲ್ಲಿ ಯುದ್ಧವಾಯಿತು. ಷೋಗುನನ ಕಡೆಯ ಸೈನ್ಯ ಸಂಖ್ಯೆಯಲ್ಲಿ ಬಹು ದೊಡ್ಡದು. ಆದರೆ ಎದುರು ಪಕ್ಷವು ಚಕ್ರವರ್ತಿಯ ಜರತಾರಿ ಧ್ವಜವನ್ನು ಎತ್ತಿ ಹಿಡಿದೊಡನೆ ಷೋಗುನನ ಪಕ್ಷದವರಿಗೆ ತಾವು ರಾಜದ್ರೋಹಿಗಳಾದೆವೆಂಬ ಅಳುಕು ಹುಟ್ಟಿತು. ಯೊಷಿನೊಬು ರಾತ್ರೋರಾತ್ರಿ ಓಸಾಕದ ಕೋಟೆಯನ್ನು ಬಿಟ್ಟು ಹಡಗು ಹತ್ತಿ ಎಡೋವಿಗೆ ಹಿಂದಿರುಗಿದನು. ಇದನ್ನು ಹೇಡಿತನವೆಂದು ಕೆಲವರು ಬರೆದಿದ್ದಾರೆ. ನಮಗೆ ಅಷ್ಟು ಖಂಡಿತವಾಗಿ ಹೇಳಲು ಧೈರ್ಯ ಸಾಲದು. ತನ್ನ ಸೈನಿಕರನ್ನು ಹಿಂದೆ ಬಿಟ್ಟು ಬಂದುದು ತಪ್ಪೇ ಸರಿ, ಆದರೆ ಬಂದವನು ಎಡೋವಿನಲ್ಲಿ ಮತ್ತೆ ಕತ್ತಿ ಹಿರಿಯಲಿಲ್ಲ. ಒಂದು ದೇವಾಲಯವನ್ನು ಸೇರಿ ಪಶ್ಚಾತ್ತಾಪದಲ್ಲಿ ಕುಳಿತನು.

ಈಗ ಚಕ್ರವರ್ತಿಯ ಸೈನ್ಯ ಎಡೋವಿನ ಕಡೆಗೆ ಹೊರಟಿತು. ಅದರ ದಂಡನಾಯಕ ಸತ್ಸುಮದ ಸೈಗೋ ತಕಮೋರಿ. ನಗರದ ಮೇಲೆ ಬೀಳುವುದಕ್ಕೆ ದಿನವೂ ಗೊತ್ತಾಯಿತು. ಎಡೋ ಎಂದರೆ ಒಂದು ಕಾಲಕ್ಕೆ ಸುಮಾರು ಹತ್ತು ಲಕ್ಷ ಜನ ವಾಸಿಸುತ್ತಿದ್ದ ಮಹಾನಗರ. ಮನೆಗಳೆಲ್ಲ ಮರ ಮತ್ತು ಕಾಗದದವು. ಒಂದು ಕಡೆ ಬೆಂಕಿ ಹತ್ತಿದರೆ ಬೀದಿಗಳ ಸಾಲುಗಳೇ ಬೂದಿಯಾಗುತ್ತಿದ್ದುವೆಂದು ಅಲ್ಲಿಯ ಚರಿತ್ರೆಯೇ ಹೇಳುತ್ತದೆ. ಆ ನಗರವನ್ನು ಉಳಿಸುವ ಭಾರ ಕತ್ಸು ಕೈಷೂ ಎಂಬವನ ಹೆಗಲಿಗೆ ಬಂದಿತು. ಇವನು ಷೋಗುನನ ಕಡೆಯ ಅಧಿಕಾರಿ, ನೌಕಾಶಾಸ್ತ್ರದಲ್ಲಿ ಪಳಗಿದವನು. 1860ರಲ್ಲಿ ಕಾನ್ರಿನ್ ಮಾರು ಎಂಬ ಪುಟ್ಟ ಹಡಗಿನಲ್ಲಿ ಶಾಂತಸಾಗರವನ್ನು ದಾಟಿ ಅಮೆರಿಕವನ್ನು ಕಂಡು ಬಂದವನು. ಅವನೂ ಸೈಗೋವೂ ಹಿಂದೆಯೇ ಪರಿಚಿತರು. ಅರಮನೆಯ ಇಬ್ಬರು ವಿಧವೆಯರೂ ಈ ಸಮಯದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಒಬ್ಬಳು ಸತ್ಸುಮದಿಂದಲೇ ಷೋಗುನನ ಮನೆಗೆ ಬಂದಿದ್ದ ಸೊಸೆ, ಇನ್ನೊಬ್ಬಳು ಚಕ್ರವರ್ತಿಯ ಸೋದರತ್ತೆ. ತವರಿನ ಸೈನ್ಯವೇ ಗಂಡನ ಮನೆಯನ್ನು ಸುಡಲು ಬರುತ್ತಿರುವಾಗ, ಇಬ್ಬರೂ ತವರಿಗೆ ಓಡಿಹೋಗದೆ ಗಂಡನ ಮನೆಯ ಪರವಾಗಿ ಮೊರೆಯಿಟ್ಟರು.

ಏಪ್ರಿಲ್ 5 ಮತ್ತು 6, ಎರಡು ದಿನ ಕತ್ಸು, ಸೈಗೋ ಇಬ್ಬರೂ ಎದುರುಬದುರು ಕುಳಿತು ಮಾತನಾಡಿದರು. ಸೈಗೋ ಮುತ್ತಿಗೆಯನ್ನು ನಿಲ್ಲಿಸಿದನು. ಮೇ 3ರಂದು ಎಡೋವಿನ ಕೋಟೆಯು ಒಂದು ಗುಂಡೂ ಹಾರದೆ ಕೈ ಬದಲಾಯಿಸಿತು. ವಿದ್ಯಾರ್ಥಿಗಳ ವಾಕ್ಯದಲ್ಲಿ ನಿಜವಾದ ಅರ್ಧ ಇದೇ.

ವಿಚಿತ್ರವೇನೆಂದರೆ, ಅದೇ ಏಪ್ರಿಲ್ 6ರಂದು ದೂರದ ಕ್ಯೋಟೋವಿನಲ್ಲಿ ಬಾಲ ಚಕ್ರವರ್ತಿಯು ದೇವತೆಗಳ ಮುಂದೆ ಐದು ಅಂಶಗಳ ಪ್ರತಿಜ್ಞೆಯೊಂದನ್ನು ಮಾಡಿದನು. ಸಭೆಗಳನ್ನು ಕೂಡಿಸಿ ಬಹಿರಂಗ ಚರ್ಚೆಯಿಂದ ರಾಜ್ಯಕಾರ್ಯಗಳನ್ನು ನಿರ್ಧರಿಸುವುದು, ಮೇಲಿನವರೂ ಕೆಳಗಿನವರೂ ಒಮ್ಮನಸ್ಸಿನಿಂದ ದುಡಿಯುವುದು, ಎಲ್ಲ ವರ್ಗದವರಿಗೂ ಅವರವರ ಇಷ್ಟಾರ್ಥ ಸಾಧನೆಗೆ ಅವಕಾಶ, ಹಳೆಯ ದುಷ್ಟ ಪದ್ಧತಿಗಳ ತ್ಯಾಗ, ಜಗತ್ತಿನಲ್ಲೆಲ್ಲ ಹುಡುಕಿ ಜ್ಞಾನವನ್ನು ತರುವುದು. ಕೇಳಲು ಬಹು ಸೊಗಸು. ಆದರೆ ಮರುದಿನವೇ ಹೊರಟ ಫಲಕಗಳಲ್ಲಿ ಕ್ರೈಸ್ತ ಮತದ ಹಳೆಯ ನಿಷೇಧ ಹಾಗೆಯೇ ಉಳಿದಿತ್ತು. ಅದು ತೊಲಗಿದ್ದು 1873ರಲ್ಲಿ. ಷಿಂಟೋ ಗುಡಿಗಳನ್ನೂ ಬೌದ್ಧ ದೇವಾಲಯಗಳನ್ನೂ ಬೇರ್ಪಡಿಸಬೇಕೆಂಬ ಆಜ್ಞೆಯೂ ಆ ವರ್ಷವೇ ಹೊರಟು, ಶತಮಾನಗಳ ಕಾಲ ಪೂಜೆಗೊಂಡ ಬುದ್ಧಪ್ರತಿಮೆಗಳು ಎಷ್ಟೋ ಕಡೆ ಒಡೆದುಹೋದುವು. ಇನ್ನು ಸಭೆಯ ಮಾತು. ರಾಷ್ಟ್ರಸಭೆಯನ್ನು ಕೊಡುತ್ತೇವೆಂದು ಚಕ್ರವರ್ತಿಯ ನಿರೂಪ ಹೊರಟುದು 1881ರ ಅಕ್ಟೋಬರ್ 12ರಂದು. ಸಭೆ ಸೇರಿದುದು 1890ರಲ್ಲಿ. ಆ ನಿರೂಪಕ್ಕೆ ಐದೇ ದಿನ ಮುಂಚೆ, 1881ರ ಅಕ್ಟೋಬರ್ 7ರಂದು, ನಮ್ಮ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದ್ದರು. ನಮ್ಮ ಸಭೆಗೆ ಆಗ ಅಹವಾಲು ಹೇಳುವ ಹಕ್ಕಲ್ಲದೆ ಶಾಸನ ಮಾಡುವ ಹಕ್ಕಿರಲಿಲ್ಲವೆಂಬುದನ್ನು ಮರೆತು ಹೆಮ್ಮೆಪಡಬೇಕಾದುದಿಲ್ಲ. ಆದರೂ ತಾರೀಖುಗಳ ಈ ಸಾಮೀಪ್ಯ ನಮಗೆ ಪ್ರಿಯವಾದುದು.

ಕೋಟೆ ಶಾಂತವಾಗಿ ಕೈಬದಲಾದರೂ ಎಲ್ಲರೂ ಶಾಂತರಾಗಲಿಲ್ಲ. ಷೋಗುನನ ಪಕ್ಷದ ಒಂದೆರಡು ಸಾವಿರ ವೀರರು ಎಡೋವಿನ ಉಎನೋ ಗುಡ್ಡದ ದೇವಾಲಯದಲ್ಲಿ ಬೀಡುಬಿಟ್ಟು ಕೂತರು. ಜುಲೈ 4ರಂದು, ಮಳೆ ಸುರಿಯುತ್ತಿರುವಾಗ, ಸರ್ಕಾರದ ಸೈನ್ಯ ಅವರ ಮೇಲೆ ಬಿದ್ದು ಆರ್ಮ್‌ಸ್ಟ್ರಾಂಗ್ ಫಿರಂಗಿಗಳಿಂದ ಒಂದೇ ದಿನದಲ್ಲಿ ಅವರನ್ನು ನಾಶಮಾಡಿತು. ಆ ದಿನ ಅದೇ ನಗರದಲ್ಲಿ ಕೆಲವು ಮೈಲಿಗಳಾಚೆ ನಡೆದ ಇನ್ನೊಂದು ಸಂಗತಿ ಯುದ್ಧದ ಇತಿಹಾಸಗಳಲ್ಲಿ ಬರುವುದಿಲ್ಲ; ನಮ್ಮ ವೃತ್ತಿಯವರು ಮಾತ್ರ ಅದನ್ನು ಮರೆಯಲಾರರು. ಫುಕುಜಾವ ಯುಕಿಚಿ ಎಂಬ ಪಂಡಿತನು ಆ ವರ್ಷವೇ ತನ್ನ ಶಾಲೆಗೆ ಕೆಯೋ ಗಿಜುಕು ಎಂದು ಹೆಸರಿಟ್ಟಿದ್ದನು. ಕತ್ಸುವಿನೊಡನೆ ಅದೇ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿಬಂದವನು ಇವನು. ಗಲಭೆಗೆ ಹೆದರಿ ಊರು ಬಿಟ್ಟವರು ಹೋಗಿ, ನೂರಕ್ಕೆ ಮೇಲ್ಪಟ್ಟಿದ್ದ ವಿದ್ಯಾರ್ಥಿಗಳು ಒಮ್ಮೆ ಹದಿನೆಂಟು ಮಂದಿಗೆ ಇಳಿದಿದ್ದರಂತೆ. ಫಿರಂಗಿಯ ಸದ್ದು ಕೇಳುತ್ತಿತ್ತು. ಹುಡುಗರು ನಡುವೆ ನಡುವೆ ಏಣಿ ಹಾಕಿ ಮಾಡು ಹತ್ತಿ ಹೊಗೆಯನ್ನು ನೋಡಿ ಬರುತ್ತಿದ್ದರು. ಫುಕುಜಾವ ಅಂದಿನ ಪಾಠವನ್ನು ನಿಲ್ಲಿಸಲಿಲ್ಲ. ಪಾಠ ಯಾವುದು? ವೇಲಂಡ್ ಎಂಬ ಅಮೆರಿಕದ ಗ್ರಂಥಕರ್ತನ ಅರ್ಥಶಾಸ್ತ್ರ! ಆ ವಿದ್ಯಾಪೀಠದಲ್ಲಿ ಇಂದಿಗೂ ಆ ಪಾಠದ ಸ್ಮರಣೆಗಾಗಿ ಪ್ರತಿ ವರ್ಷ ಉಪನ್ಯಾಸ ನಡೆಯುತ್ತದೆ. ಹೊರಗೆ ಜನ ಸಾಯುತ್ತಿರುವಾಗ ಪುಸ್ತಕ ಓದುವುದು ಸ್ಥೈರ್ಯವೋ ಕಲ್ಲೆದೆಯೋ ಎಂಬ ಪ್ರಶ್ನೆಯನ್ನು ನಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಒಮ್ಮೆ ಕೇಳಿದ್ದುಂಟು. ಆ ದಿನ ಸರಿಯಾದ ಉತ್ತರ ಕೊಡಲಾಗದೆ ಗಂಟೆ ಹೊಡೆದದ್ದು ನಮಗೆ ಅನುಕೂಲವಾಯಿತು.

ಸೆಪ್ಟೆಂಬರ್ 3ರಂದು ಎಡೋವಿಗೆ ಟೋಕ್ಯೋ, ಎಂದರೆ ಪೂರ್ವದ ರಾಜಧಾನಿ, ಎಂಬ ಹೆಸರಾಯಿತು. ಅಕ್ಟೋಬರ್ 23ರಂದು ಶಕವೂ ಬದಲಾಗಿ ಮೇಜಿ ಎನಿಸಿತು. ಈ ನಾಮಕರಣಗಳ ನಡುವೆಯೇ ಉತ್ತರದಲ್ಲಿ ಐಜು ಎಂಬ ಪಾಳೆಯಪಟ್ಟು ಉರಿಯುತ್ತಿದ್ದಿತು. ಷೋಗುನನ ಆಜ್ಞೆಯಂತೆ ವರ್ಷಗಳ ಕಾಲ ಕ್ಯೋಟೋವನ್ನು ಕಾದಿದ್ದುದೇ ಐಜುವಿನವರ ಅಪರಾಧ. ಗೆದ್ದವರು ಅವರಿಗೆ ರಾಜದ್ರೋಹಿಗಳೆಂಬ ಪಟ್ಟ ಕಟ್ಟಿದರು. ಹದಿನಾರು ಹದಿನೇಳು ವರ್ಷದ ಹುಡುಗರದೊಂದು ಪಡೆಗೆ ಬಿಳಿಹುಲಿ ಪಡೆಯೆಂದು ಹೆಸರು. ಅಕ್ಟೋಬರ್ 8ರಂದು ಅವರಲ್ಲಿ ಇಪ್ಪತ್ತು ಮಂದಿ ಸೋತು ಬಳಲಿ ಒಂದು ಗುಡ್ಡವನ್ನು ಹತ್ತಿ ನೋಡಿದರು. ಊರಿನಿಂದ ಹೊಗೆ ಏಳುತ್ತಿದ್ದಿತು. ಕೋಟೆ ಬಿದ್ದಿತೆಂದು ತಿಳಿದು ಎಲ್ಲರೂ ತಮ್ಮ ಕತ್ತಿಗಳಿಂದಲೇ ಪ್ರಾಣ ಬಿಡಲು ಹೊರಟರು. ಒಬ್ಬನು ಮಾತ್ರ ಉಳಿದುಕೊಂಡನು. ಕೋಟೆ ಬಿದ್ದಿರಲಿಲ್ಲ! ಅದು ಇನ್ನೂ ಸುಮಾರು ಒಂದು ತಿಂಗಳು ನಿಂತು, ನವೆಂಬರ್ 6ರಂದು ಶರಣಾಯಿತು.

ಮುಂದಿನ ತಲೆಮಾರು ಆ ಹತ್ತೊಂಬತ್ತು ಹುಡುಗರನ್ನು ಬಹಳ ಹೊಗಳಿತು. ಶಾಲೆಯ ಮಕ್ಕಳಿಗೆ ಅವರ ಕಥೆಯನ್ನು ಸ್ವಾಮಿಭಕ್ತಿಯ ಪಾಠವಾಗಿ ಹೇಳಿತು. ನಮಗೆ ಆ ಹೊಗಳಿಕೆಯಲ್ಲಿ ಮನಸ್ಸು ನಿಲ್ಲುವುದಿಲ್ಲ. ಹೊಗೆಯನ್ನು ತಪ್ಪಾಗಿ ಓದಿಕೊಂಡುದರಿಂದ ಹೋದ ಪ್ರಾಣಗಳು ಅವು. ಅದೇ ಕೋಟೆಯೊಳಗೆ ಬಂದೂಕು ಹಿಡಿದು ಕಾದಾಡಿದ ಯಮಮೋತೋ ಯಾಎಕೋ ಎಂಬ ಯುವತಿ ಬದುಕಿದಳು; ಡೋಷಿಷ ವಿದ್ಯಾಶಾಲೆಯನ್ನು ಸ್ಥಾಪಿಸಿದ ನೀಜಿಮನನ್ನು ಮುಂದೆ ಮದುವೆಯಾದಳು. ಅಲ್ಲಿಯೇ ಮುತ್ತಿಗೆಯನ್ನು ಕಂಡ ಯಮಕಾವ ಸುತೆಮತ್ಸು ಎಂಬ ಎಂಟು ವರ್ಷದ ಹುಡುಗಿಯನ್ನು 1871ರಲ್ಲಿ ಅಮೆರಿಕಕ್ಕೆ ಓದಲು ಕಳುಹಿಸಿದರು. ಅವಳು 1882ರಲ್ಲಿ ವಾಸರ್ ಕಾಲೇಜಿನ ಪದವೀಧರೆಯಾಗಿ ಹಿಂದಿರುಗಿದಳು. ಅವಳ ಅಣ್ಣ ಕೆಂಜಿರೋ ಕೂಡ ಮುತ್ತಿಗೆಯ ಕಾಲದಲ್ಲಿ ಆ ಕೋಟೆಯೊಳಗಿದ್ದ ಹುಡುಗ. ರಾಜದ್ರೋಹಿಗಳ ಊರಿನವನೆನಿಸಿಕೊಂಡು, ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಭೌತಶಾಸ್ತ್ರದ ಆಚಾರ್ಯನಾಗಿ, 1901ರಲ್ಲಿ ಟೋಕ್ಯೋ ಸಾಮ್ರಾಜ್ಯ ವಿಶ್ವವಿದ್ಯಾನಿಲಯದ ಅಧ್ಯಕ್ಷ ಪೀಠದಲ್ಲಿ ಕುಳಿತನು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ನೋಡಲು ಹೋದಾಗ ಅವರ ಕಣ್ಣಿಗೆ ಬಿದ್ದ ಕಾರ್ಖಾನೆಗಳನ್ನೂ ಪಾಠಶಾಲೆಗಳನ್ನೂ ನಡೆಸುತ್ತಿದ್ದವರಲ್ಲಿ ಗೆದ್ದವರ ಮಕ್ಕಳ ಜೊತೆಗೆ ಸೋತವರ ಮಕ್ಕಳೂ ಇದ್ದರು.

ನಮ್ಮ ಕಾಲ ಮುಗಿಯುತ್ತ ಬಂದಿತು. ನವೆಂಬರ್ 26ರಂದು ಚಕ್ರವರ್ತಿಯು ಟೋಕ್ಯೋವನ್ನು ಪ್ರವೇಶಿಸಿ ಷೋಗುನನ ಕೋಟೆಯಲ್ಲಿಯೇ ಇಳಿದುಕೊಂಡನು. ನಗರವನ್ನು ಉಳಿಸಿದ ಸೈಗೋ 1877ರಲ್ಲಿ ತಾನೇ ಆ ಹೊಸ ಸರ್ಕಾರದ ಮೇಲೆ ದಂಗೆಯೆದ್ದು ಮಡಿದನು. ಎಲ್ಲವನ್ನೂ ಕಳೆದುಕೊಂಡ ಯೊಷಿನೊಬು ಮಾತ್ರ ರಾಜಕಾರಣದ ಗೋಜಿಗೆ ಹೋಗದೆ, ಬೇಟೆಯಾಡುತ್ತ, ಛಾಯಾಚಿತ್ರಗಳನ್ನು ತೆಗೆಯುತ್ತ, 1913ರವರೆಗೂ ಬದುಕಿದ್ದನು. ಅವನು ತೆಗೆದ ಚಿತ್ರಗಳು ಈಗಲೂ ಉಳಿದಿವೆ.