‘ರೆಸಿಸ್ಟ್’ ಎಂದರೆ ಏನು?



ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಇವತ್ತು ಮಾತಾಡುವುದೂ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆಯೇ: ‘ರೆಸಿಸ್ಟ್’. ಮಹಿಳಾ ಸಭೆಯಲ್ಲಿ ವ್ಯಾಕರಣವೇಕೆ ಎನ್ನಬೇಡಿ. ಈ ಪದವನ್ನು ನ್ಯಾಯಾಲಯ ಹೇಗೆ ಅರ್ಥ ಮಾಡಿಕೊಂಡಿತು ಎನ್ನುವುದರ ಮೇಲೆ ಒಬ್ಬ ಹುಡುಗಿಯ ನ್ಯಾಯ ನಿಂತಿತ್ತು.

ಈ ಪದದ ಲ್ಯಾಟಿನ್ ಮೂಲದಲ್ಲಿ ಇರುವುದು ‘ನಿಲ್ಲು’ ಎಂಬ ಅರ್ಥ. ಎದುರಾಗಿ ನಿಲ್ಲು, ಜಗ್ಗದೆ ನಿಲ್ಲು. ‘ಹೊಡೆ’ ಎಂಬುದು ಅದರಲ್ಲಿ ಇಲ್ಲ. ‘ಅಪೋಸ್’ ಎಂದರೆ ವಿರೋಧಿಸು. ಅಭಿಪ್ರಾಯದಲ್ಲಿ ವಿರೋಧಿಸಿದರೂ ಸಾಕು. ‘ಪ್ರೊಟೆಸ್ಟ್’ ಎಂದರೆ ಪ್ರತಿಭಟಿಸು. ಅದು ನಾಲ್ಕು ಜನಕ್ಕೆ ತಿಳಿಯಬೇಕು. ‘ರೆಸಿಸ್ಟ್’ಗೆ ಸದ್ದೇ ಬೇಕಿಲ್ಲ. ವಾಟರ್ ರೆಸಿಸ್ಟೆಂಟ್ ಗಡಿಯಾರ ನೀರಿನೊಡನೆ ಗುದ್ದಾಡುವುದಿಲ್ಲ. ನೀರನ್ನು ಒಳಗೆ ಬಿಡುವುದಿಲ್ಲ, ಅಷ್ಟೆ.

ನಮ್ಮ ಹುಡುಗಿಯರು ‘ರೆಸಿಸ್ಟ್ ಅಗೇನ್ಸ್ಟ್’ ಎಂದು ಬರೆಯುವುದುಂಟು. ಕನ್ನಡದ ‘ವಿರುದ್ಧ’ ಅಲ್ಲಿ ನುಸುಳಿಬಿಡುತ್ತದೆ. ‘ಅಗೇನ್ಸ್ಟ್’ ಬೇಡ, ಎದುರು ಎಂಬುದು ಪದದೊಳಗೇ ಇದೆ. ‘ನಗು ತಡೆಯಲಾಗಲಿಲ್ಲ’ ಎನ್ನಲೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ.

ನಮ್ಮ ‘ತಡೆ’ ಪದವನ್ನೇ ನೋಡಿ. ‘ತಡೆ’ ಎಂದರೆ ಅಡ್ಡ ನಿಲ್ಲು. ‘ತಡೆದುಕೋ’ ಎಂದರೆ ಸಹಿಸಿಕೋ. ತವರಿನವರು, ಅತ್ತೆ ಮನೆಯವರು, ಪಂಚಾಯ್ತಿ ಮಾಡಲು ಬಂದವರು, ಎಲ್ಲರೂ ಹೆಣ್ಣಿಗೆ ಹೇಳುವುದು ಎರಡನೆಯದನ್ನು. ಅವಳು ಬಾಯಿ ತೆರೆದರೆ ‘ಎದುರಾಡ್ತಾಳೆ’ ಎಂಬ ಹೆಸರು. ಆಮೇಲೆ ಏನಾದರೂ ಆದರೆ ಅದೇ ಜನ ಕೇಳುವುದು, ‘ಆಗಲೇ ಯಾಕಮ್ಮ ಎದುರಿಸಲಿಲ್ಲ?’

ಈ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟೂ ಕೇಳಿತು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ಮೊಕದ್ದಮೆ ಅದು. ಭಯದಿಂದ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂದು ಹೈಕೋರ್ಟು ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತ್ತು. 1978ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಅವಳು ಬಲವಾಗಿ ಪ್ರತಿರೋಧಿಸಿದಳೆಂಬ ಮಾತು ಸುಳ್ಳು ಎಂಬುದು ಅದರ ವಾದ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು, ಮಣಿಯುವುದು ಬೇರೆ, ಒಪ್ಪುವುದು ಬೇರೆ ಎಂದು ವಾದಿಸಿದರು. ದೇಶದ ನಾನಾ ಕಡೆ ಹೆಂಗಸರು ಬೀದಿಗಿಳಿದರು.

ಅದರ ಫಲ 1983ರ ತಿದ್ದುಪಡಿ. ಕಸ್ಟಡಿಯಲ್ಲಿ ನಡೆದ ಅತ್ಯಾಚಾರದಲ್ಲಿ, ಸಂಭೋಗ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಹೆಣ್ಣು ಹೇಳಿದರೆ, ನ್ಯಾಯಾಲಯ ಹಾಗೆಂದೇ ಭಾವಿಸಬೇಕು. ದೇಹಬಲದಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳೆಂದು ತಿಳಿಯಕೂಡದು ಎಂಬ ಮಾತು ಕಾನೂನಿನೊಳಗೆ ಸೇರಲು 2013ರವರೆಗೆ ಕಾಯಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದು ಉಳಿದಿದೆ. ಆದರೆ ಹದಿನೆಂಟು ತುಂಬಿದ ಹೆಂಡತಿಗೆ ಗಂಡನ ವಿರುದ್ಧ ಈ ಕಲಮಿನ ರಕ್ಷಣೆ ಇಲ್ಲ. ಅವಳು ಬೇಡವೆಂದರೂ ಅದು ಅತ್ಯಾಚಾರ ಎನಿಸುವುದಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆ ಸೇರಿದೆ, ನಿಜ. ಅದು ಕೊಡುವುದು ರಕ್ಷಣಾ ಆದೇಶ, ವಾಸದ ಹಕ್ಕು, ಪರಿಹಾರ. ಅತ್ಯಾಚಾರಕ್ಕಿರುವ ಶಿಕ್ಷೆಯಲ್ಲ.

ಸಲಹಾ ಕೇಂದ್ರಗಳಲ್ಲಿ ದೂರು ಬರೆದುಕೊಳ್ಳುವ ಗೆಳತಿಯರಲ್ಲಿ ನನ್ನದೊಂದು ಕೋರಿಕೆ. ‘ಇವರು ಪ್ರತಿರೋಧಿಸಲಿಲ್ಲ’ ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ. ಅವಳು ಏನು ಮಾಡಿದಳು ಕೇಳಿ. ಒಡವೆ ಬಿಚ್ಚಿಕೊಡದೆ ಕುಳಿತಳೇ? ತವರಿನಿಂದ ಹಣ ತರುವುದಿಲ್ಲ ಎಂದಳೇ? ರಾತ್ರಿ ಮಗುವಿನೊಡನೆ ಪಕ್ಕದ ಮನೆಯಲ್ಲಿ ಮಲಗಿದಳೇ? ಅದನ್ನೆಲ್ಲ ಅವಳ ಮಾತಿನಲ್ಲೇ ಬರೆಯಿರಿ. ಏನೂ ಮಾಡಲಾಗದೆ ಹೆದರಿ ಸುಮ್ಮನಿದ್ದರೆ, ಯಾವುದಕ್ಕೆ ಹೆದರಿದಳು ಎಂಬುದನ್ನು ಬರೆಯಿರಿ.